ಭೋಗಿಗೆ ಮುಂಚೆ ಒಂದು ಮಾತು

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಸುಮ್ಮನೆ ಹೂಂಗುಟ್ಟಿಬಿಟ್ಟೆ. ಪೆರುಂಗುಡಿಯ ಮನೆಗೆ ಬಂದು ಮೂರು ವಾರವಾಯಿತು, ಬೆಳಗ್ಗೆ ಬಾಲ್ಕನಿಯ ಬಾಗಿಲು ತೆಗೆದರೆ ಏನೋ ಸುಟ್ಟ ವಾಸನೆ, ಆದರೆ ಮೊಬೈಲಿನಲ್ಲಿ ಗಾಳಿಯ ಸೂಚ್ಯಂಕ ನೋಡಿದರೆ ತಿಳಿಹಸಿರು, ‘ತೃಪ್ತಿಕರ’ ಅಂತಲೇ ಬರುತ್ತದೆ, ‘ಹಾಗಿದ್ರೆ ಚಿಂತೆಯಿಲ್ಲ ಅಲ್ವಾ ಅತ್ತೆ’ ಎಂದೆ. ಕುಕ್ಕರ್ ಕೂಗುತ್ತಿತ್ತು, ಹೂಂ ಅಂದೆ. ಫೋನಿಟ್ಟ ಮೇಲೆ ಮನಸ್ಸು ತಡೆಯಲಿಲ್ಲ. ಮೂವತ್ತೊಂದು ವರ್ಷ ಈ ಚೆನ್ನೈಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳು ಐದು ತಿಂಗಳ ಬಸುರಿಗೆ ಹಾಗೆ ಹೂಂ ಅನ್ನಬಾರದಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನನ್ನು ಹೆದರಿಸುವ ಆಸೆ ನನಗಿಲ್ಲ. ಒಂದು ವಸ್ತುವಿನ ಪರಿಚಯ ಮಾಡಿಕೊಡಬೇಕು, ಅಷ್ಟೆ. ಪರಿಚಯವಾದರೆ ಎಲ್ಲಿ ಎಚ್ಚರ ಬೇಕು, ಎಲ್ಲಿ ನಿಶ್ಚಿಂತೆಯಾಗಿ ಇರಬಹುದು ಅಂತ ನಿನಗೇ ಗೊತ್ತಾಗುತ್ತದೆ.

ಮೊದಲು ಆ ತಿಳಿಹಸಿರಿನ ವಿಷಯ. ನಿನ್ನ ಮೊಬೈಲು ಸುಳ್ಳು ಹೇಳುತ್ತಿಲ್ಲ. ಆದರೆ ನಮ್ಮ ದೇಶದ ಸೂಚ್ಯಂಕ ಲೆಕ್ಕಕ್ಕೆ ಹಿಡಿಯುವುದು ಎಂಟೇ ವಸ್ತುಗಳನ್ನು: ದಪ್ಪ ಕಣ, ಸಣ್ಣ ಕಣ, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಜೋನ್, ಅಮೋನಿಯಾ, ಸೀಸ. ನಾನು ಹೇಳಹೊರಟಿರುವುದು ಆ ಎಂಟರಲ್ಲಿ ಇಲ್ಲ. ಅದರ ಹೆಸರು ಬೆಂಜೊ-ಎ-ಪೈರೀನ್. ನಾವು ಬೆಂಜೊಪೈರೀನ್ ಅನ್ನೋಣ. 2009ರ ನವೆಂಬರಿನಲ್ಲಿ ದೇಶದ ಗಾಳಿಯ ಮಾನದಂಡಗಳನ್ನು ಹೊಸದಾಗಿ ಬರೆದಾಗ ಹನ್ನೆರಡು ಮಾಲಿನ್ಯಗಳ ಪಟ್ಟಿಯಲ್ಲಿ ಇದಕ್ಕೂ ಜಾಗ ಕೊಟ್ಟರು. ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 1 ನ್ಯಾನೋಗ್ರಾಂ ಮೀರಬಾರದು ಎಂದು ಬರೆದರು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಗ್ರಾಂ. ಸಣ್ಣ ಕಣಗಳನ್ನು ಮೈಕ್ರೋಗ್ರಾಮಿನಲ್ಲಿ ಎಣಿಸುತ್ತೇವೆ. ಇದನ್ನು ಅದರ ಸಾವಿರದ ಒಂದು ಪಾಲಿನಲ್ಲಿ. ಇದನ್ನು ಅಳೆಯಬೇಕಾದರೆ ಗಂಟೆಗಟ್ಟಲೆ ಗಾಳಿ ಎಳೆದು ಶೋಧಕ ಹಾಳೆಯ ಮೇಲೆ ದೂಳು ಕೂಡಿಸಬೇಕು, ಆ ಹಾಳೆಯನ್ನು ಪ್ರಯೋಗಾಲಯಕ್ಕೆ ಒಯ್ದು ದ್ರಾವಕದಲ್ಲಿ ನೆನೆಹಾಕಿ ತೆಗೆಯಬೇಕು, ಆಮೇಲೆ ಯಂತ್ರಕ್ಕೆ ಕೊಡಬೇಕು. ಬಾಲ್ಕನಿಯಲ್ಲಿ ನಿಂತವಳಿಗೆ ಆ ಗಳಿಗೆಯ ಅಂಕಿ ಯಾರೂ ಕೊಡಲಾರರು. ಮೊಬೈಲಿಗಿಂತ ಮುಂಚೆ ನಿನ್ನ ಮೂಗು ಹೇಳಿದೆ, ಮೂಗನ್ನು ನಂಬು.

ಇದು ಯಾರೂ ಬೇಕೆಂದು ತಯಾರಿಸುವ ವಸ್ತುವಲ್ಲ. ಕಾರ್ಬನ್ ಇರುವ ಯಾವುದೇ ಪದಾರ್ಥ ಸೌದೆಯಾಗಲಿ, ಎಲೆಯಾಗಲಿ, ಕೊಬ್ಬಾಗಲಿ, ಪ್ಲಾಸ್ಟಿಕ್ಕಾಗಲಿ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದರೆ ತಾನಾಗಿಯೇ ಹುಟ್ಟುತ್ತದೆ. ಗಾಳಿ ಚೆನ್ನಾಗಿ ಆಡಿ, ಜ್ವಾಲೆ ಜೋರಾಗಿ ಎದ್ದರೆ ಕಾರ್ಬನ್ನೆಲ್ಲ ಆಮ್ಲಜನಕ ಸೇರಿ ಹೊರಟುಹೋಗುತ್ತದೆ. ಉರಿ ಮಂಕಾಗಿ ಹೊಗೆಯಾಡತೊಡಗಿದರೆ ಒಡೆದ ತುಣುಕುಗಳು ಒಂದಕ್ಕೊಂದು ಅಂಟಿ ಉಂಗುರಗಳಾಗುತ್ತವೆ. ಮಾರ್ಗಳಿ ತಿಂಗಳಲ್ಲಿ ನಿಮ್ಮ ಬೀದಿಯ ಹೆಂಗಸರು ಚುಕ್ಕಿಯಿಟ್ಟು ಬಿಡಿಸುವ ಕೋಲವನ್ನು ನೋಡಿರುತ್ತೀಯ. ಹಾಗೆಯೇ ಇಪ್ಪತ್ತು ಚುಕ್ಕಿಯಿಟ್ಟು, ಜೇನುಗೂಡಿನ ಕೋಣೆಯಂಥ ಐದು ಷಟ್ಕೋನಗಳನ್ನು ಒಂದಕ್ಕೊಂದು ಅಂಚು ತಾಗಿಸಿ ಬರೆದರೆ ಬೆಂಜೊಪೈರೀನಿನ ಚಿತ್ರ ಸಿದ್ಧ. ಇಪ್ಪತ್ತು ಚುಕ್ಕಿ ಇಪ್ಪತ್ತು ಕಾರ್ಬನ್. ಹೊರಅಂಚಿನಲ್ಲಿ ಹನ್ನೆರಡು ಹೈಡ್ರೋಜನ್. ತರಗತಿಯಲ್ಲಿ ನಾನು ಹೀಗೇ ಬರೆಸುತ್ತಿದ್ದೆ. ಹೆಣ್ಣುಮಕ್ಕಳಿಗೆ ಮರೆಯುತ್ತಿರಲಿಲ್ಲ.

ಈ ಬಗೆಯ ಉಂಗುರದ ಅಣುಗಳಿಗೆ ಆರೋಮ್ಯಾಟಿಕ್, ಅಂದರೆ ಪರಿಮಳದವು, ಎಂಬ ಹೆಸರು ಏಕೆ ಬಂತು ಗೊತ್ತೇ? ಇವುಗಳ ತಾಯಿಯಂತಿರುವ ಬೆಂಜೀನಿಗೆ ಆ ಹೆಸರು ಬಂದದ್ದು ನಮ್ಮ ಸಾಂಬ್ರಾಣಿಯಿಂದ. ಬೆಂಜೀನನ್ನು ಮೊದಲು ಕಂಡವನು ಫ್ಯಾರಡೆ, 1825ರಲ್ಲಿ, ದೀಪದ ಅನಿಲ ತಯಾರಿಸಿದ ಮೇಲೆ ಉಳಿಯುತ್ತಿದ್ದ ಎಣ್ಣೆಯಲ್ಲಿ. ಆದರೆ ಮುಂದೆ ಜರ್ಮನಿಯ ಮಿಚರ್ಲಿಖ್ ಅದನ್ನೇ ಸಾಂಬ್ರಾಣಿ ಅಂಟಿನ ಆಮ್ಲದಿಂದ ಪಡೆದ. ಆ ಅಂಟಿನ ಯುರೋಪಿನ ಹೆಸರು ಬೆಂಜೊಯಿನ್. ಹೀಗೆ ದೇವರ ಮುಂದೆ ಹಾಕುವ ಧೂಪದ ಹೆಸರು ಈ ವಂಶಕ್ಕೆಲ್ಲ ಅಂಟಿಕೊಂಡಿತು. ಸಾಂಬ್ರಾಣಿಯ ಮಾತನ್ನು ಕೊನೆಗೆ ಮತ್ತೆ ಎತ್ತುತ್ತೇನೆ, ಅದು ನಿನಗೇ ಬೇಕಾದದ್ದು.

ನಿನ್ನ ಮುತ್ತಜ್ಜಿಯ ಅಡುಗೆಮನೆ ನಿನಗೆ ನೆನಪಿರಲಾರದು. ತೀರ್ಥಹಳ್ಳಿಯ ಕಡೆಯ ಮಳೆಗಾಲ, ಹಸಿ ಸೌದೆ, ಮಾಡಿನಿಂದ ಕರಿಬಾಲದಂತೆ ಇಳಿಬಿದ್ದ ಇಲ್ಲಣ. ಒಮ್ಮೆ ಕತ್ತಿ ತಾಗಿ ನನ್ನ ಬೆರಳು ಕೊಯ್ದಾಗ ಅಜ್ಜಿ ಆ ಇಲ್ಲಣವನ್ನೇ ಚಿವುಟಿ ಗಾಯಕ್ಕೆ ಒತ್ತಿದಳು. ರಕ್ತ ನಿಂತಿತು. ಆಯುರ್ವೇದದವರು ಅದಕ್ಕೆ ಗೃಹಧೂಮ ಅಂತ ಹೆಸರಿಟ್ಟು ಔಷಧಿಗಳಲ್ಲೇ ಸೇರಿಸಿದ್ದಾರೆ. ಅಜ್ಜಿ ಪ್ರೀತಿಯಿಂದ ಮಾಡಿದಳು, ಅವಳಿಗೆ ತಿಳಿದದ್ದನ್ನು ಮಾಡಿದಳು. ಆದರೆ ಬೆಂಜೊಪೈರೀನಿನ ಪಾಠ ಬಂದಾಗಲೆಲ್ಲ ನಾನು ಆ ಬೆರಳನ್ನು ಒಮ್ಮೆ ಸವರಿಕೊಳ್ಳುತ್ತಿದ್ದೆ.

ಏಕೆಂದರೆ ಮಸಿಯ ಕತೆ ಚರ್ಮದಿಂದಲೇ ಶುರುವಾಗುತ್ತದೆ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ಪುಸ್ತಕ ಬರೆದ. ಅಲ್ಲಿ ಚಿಮಣಿ ಗುಡಿಸಲು ಬಡವರ ಮಕ್ಕಳನ್ನು ಹಚ್ಚುತ್ತಿದ್ದರು. ಇಕ್ಕಟ್ಟಾದ ಕೊಳವೆಯೊಳಗೆ ತೂರಬೇಕಾದರೆ ಸಣ್ಣ ಮೈಯೇ ಬೇಕು. ಆ ಹುಡುಗರು ದೊಡ್ಡವರಾದ ಮೇಲೆ ಅವರ ವೃಷಣದ ಚರ್ಮದಲ್ಲಿ ಹುಣ್ಣಾಗಿ ಅದು ಕ್ಯಾನ್ಸರಾಗುತ್ತಿತ್ತು. ಚರ್ಮದ ಮಡಿಕೆಯಲ್ಲಿ ವರ್ಷಗಟ್ಟಲೆ ಕೂತ ಮಸಿಯೇ ಇದಕ್ಕೆ ಕಾರಣ ಎಂದು ಪಾಟ್ ಹೇಳಿದ. ಒಂದು ಕೆಲಸಕ್ಕೂ ಒಂದು ಕ್ಯಾನ್ಸರಿಗೂ ಗಂಟು ಹಾಕಿ ತೋರಿಸಿದ ಮೊದಲಿಗರಲ್ಲಿ ಅವನೊಬ್ಬ. ಆದರೆ ಮಸಿಯಲ್ಲಿ ಇರುವುದೇನು? ಅದಕ್ಕೆ ನೂರೈವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. 1915ರಲ್ಲಿ ಟೋಕಿಯೋದಲ್ಲಿ ಯಾಮಾಗಿವಾ ಮತ್ತು ಇಚಿಕಾವಾ ಎಂಬಿಬ್ಬರು ಮೊಲದ ಕಿವಿಗೆ ಕಲ್ಲಿದ್ದಲ ಟಾರನ್ನು ತಿಂಗಳುಗಟ್ಟಲೆ ಹಚ್ಚಿದರು, ಬಿಡದೆ ಹಚ್ಚಿದರು. ಕಿವಿಯಲ್ಲಿ ಕ್ಯಾನ್ಸರ್ ಎದ್ದಿತು. ಹಿಂದೆ ಎಷ್ಟೋ ಜನ ಪ್ರಯತ್ನಿಸಿ ಬೇಗ ಕೈಬಿಟ್ಟಿದ್ದರು. ಇವರು ಕಾದರು. ಆಮೇಲೆ ಲಂಡನ್ನಿನಲ್ಲಿ ಕೆನವೇ ಎಂಬಾತನ ಬಳಗ ಎರಡು ಟನ್ ಟಾರಿನ ಗಸಿಯನ್ನು ಬಟ್ಟಿಯಿಳಿಸಿ, ಸೋಸಿ, ಮತ್ತೆ ಸೋಸಿ, ಹೊಳೆಯುವ ಬೆಳಕಿನ ಗುರುತು ಹಿಡಿದು ಹುಡುಕಿ, 1933ರಲ್ಲಿ ಒಂದಿಷ್ಟು ಹಳದಿ ಹರಳು ತೆಗೆದರು. ಅದೇ ಬೆಂಜೊಪೈರೀನ್. ಇಂದು ಫ್ರಾನ್ಸಿನ ಲಿಯೋನಿನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಒಂದನೆಯ ಗುಂಪಿನಲ್ಲಿ ಇಟ್ಟಿದೆ. ಮನುಷ್ಯರಿಗೆ ಕ್ಯಾನ್ಸರ್ ತರುವುದು ನಿಶ್ಚಿತ ಎನ್ನುವ ಗುಂಪು ಅದು. ತಂಬಾಕಿನ ಹೊಗೆ, ಡೀಸೆಲ್ ಹೊಗೆ, ಕಲ್ಲಿದ್ದಲ ಟಾರು ಎಲ್ಲ ಅಲ್ಲೇ ಇವೆ.

ಇದು ಮೈಯೊಳಗೆ ಮಾಡುವ ಕೆಲಸ ವಿಚಿತ್ರ. ಬಂದ ಹಾಗೇ ಇದ್ದರೆ ಇದು ಜಡ ವಸ್ತು, ಕೊಬ್ಬಿನಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಿ ಕರಗುವುದಿಲ್ಲ. ನೀರಿನಲ್ಲಿ ಕರಗದ್ದನ್ನು ಮೂತ್ರದಲ್ಲಿ ಹೊರಹಾಕಲು ಆಗದು. ಹಾಗಾಗಿ ನಮ್ಮ ಯಕೃತ್ತು, ಶ್ವಾಸಕೋಶದ ಕಿಣ್ವಗಳು ಇದಕ್ಕೆ ಆಮ್ಲಜನಕ ಅಂಟಿಸಿ ಕರಗುವಂತೆ ಮಾಡಲು ಹೊರಡುತ್ತವೆ. ಹೆಚ್ಚಿನ ಪಾಲು ಸರಿಯಾಗಿ ತೊಳೆದುಹೋಗುತ್ತದೆ. ಒಂದು ಸಣ್ಣ ಪಾಲು ಮಾತ್ರ ನಡುದಾರಿಯಲ್ಲಿ ಚೂಪಾದ ರೂಪ ತಾಳಿ ಡಿಎನ್‌ಎಗೆ ಹೋಗಿ ಕಚ್ಚಿಕೊಳ್ಳುತ್ತದೆ, ಅದರಲ್ಲೂ ಗ್ವಾನಿನ್ ಎಂಬ ಅಕ್ಷರಕ್ಕೆ. 1996ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು: ಪಿ53 ಎಂಬ, ಜೀವಕೋಶದ ಕಾವಲುಗಾರನಂಥ ಜೀನಿನಲ್ಲಿ ಬೆಂಜೊಪೈರೀನ್ ಎಲ್ಲೆಲ್ಲಿ ಕಚ್ಚುತ್ತದೋ ಅಲ್ಲಲ್ಲೇ ಸಿಗರೇಟು ಸೇದುವವರ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅಕ್ಷರದೋಷ ಕಾಣುತ್ತದೆ. ಕಳ್ಳನ ಬೆರಳ ಗುರುತು ಸಿಕ್ಕ ಹಾಗೆ.

ಇಲ್ಲಿ ಒಂದು ಸಮಾಧಾನದ ಮಾತು ಸೇರಿಸಬೇಕು, ಯಾಕೆಂದರೆ ನೀನು ಈಗಲೇ ಎದೆ ಹಿಡಿದುಕೊಂಡಿರುತ್ತೀಯ. ನಮ್ಮ ಜೀವಕೋಶಗಳಲ್ಲಿ ರಿಪೇರಿ ಮಾಡುವ ಕಿಣ್ವಗಳೂ ಇವೆ, ಅವು ಹಗಲಿರುಳು ದುಡಿಯುತ್ತವೆ, ಕಚ್ಚಿಕೊಂಡಿದ್ದನ್ನು ಕತ್ತರಿಸಿ ತೆಗೆಯುತ್ತವೆ. ಒಂದು ದಿನದ ಹೊಗೆ, ಒಂದು ಸೀದ ದೋಸೆ ಯಾರನ್ನೂ ರೋಗಿಯಾಗಿ ಮಾಡುವುದಿಲ್ಲ. ಪಾಟ್ ಕಂಡ ಹುಡುಗರ ಚರ್ಮದಲ್ಲಿ ವರ್ಷಗಟ್ಟಲೆ ಮಸಿ ಕೂತಿತ್ತು, ಆ ಮೊಲಗಳಿಗೆ ತಿಂಗಳುಗಟ್ಟಲೆ ಟಾರು ಹಚ್ಚಿದ್ದರು. ಅಪಾಯ ಇರುವುದು ದಿನದಿನವೂ, ವರ್ಷವರ್ಷವೂ ಅದೇ ಹೊಗೆಯಲ್ಲಿ ನಿಲ್ಲುವುದರಲ್ಲಿ. ಹಾಗಾಗಿ ದಿನದಿನದ ಹೊಗೆ ಎಲ್ಲಿಂದ ಬರುತ್ತದೆ ಎಂಬುದನ್ನೇ ನಾವು ಹುಡುಕಬೇಕು.

ಆದರೂ ವರ್ಷಕ್ಕೊಮ್ಮೆ ಬರುವ ಒಂದು ಬೆಳಗಿನ ಮಾತು ಮೊದಲು ಹೇಳಿಬಿಡುತ್ತೇನೆ, ಅದು ಹತ್ತಿರ ಬಂದಿದೆ, ನೀನು ಇಲ್ಲಿ ಮೊದಲ ಸಲ ಅದನ್ನು ನೋಡಲಿದ್ದೀಯ. ಭೋಗಿ. ಪೊಂಗಲಿಗೆ ಹಿಂದಿನ ದಿನ. ಮನೆಯ ಹಳತೆಲ್ಲ ಹೋಗಿ ಹೊಸತು ಬರಲಿ ಎಂದು ನಸುಕಿನಲ್ಲೇ ಬೀದಿಯಲ್ಲಿ ಬೆಂಕಿ ಹಾಕುತ್ತಾರೆ. ಸಣ್ಣ ಮಕ್ಕಳು ಭೋಗಿ ಮೇಳ ಅನ್ನುವ ಪುಟ್ಟ ಚರ್ಮವಾದ್ಯವನ್ನು ಬೆಂಕಿಗೆ ಕಾಯಿಸಿ ಬಡಿಯುತ್ತಾ ಸುತ್ತ ಕುಣಿಯುತ್ತಾರೆ. ನೋಡಲು ತುಂಬ ಚೆಂದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾನು ಈ ಊರಿಗೆ ಬಂದ ಮೊದಲ ವರ್ಷ ನನಗೆ ನಮ್ಮ ಕಡೆಯ ಸಂಕ್ರಾಂತಿಯ ಕಿಚ್ಚು ನೆನಪಾಗಿ ಕಣ್ಣು ತುಂಬಿತ್ತು. ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ದನಗಳನ್ನು ಹಾಯಿಸುವ ಹುಲ್ಲಿನ ಬೆಂಕಿ ಭಗ್ಗನೆ ಎದ್ದು ಕ್ಷಣದಲ್ಲಿ ಆರುತ್ತದೆ. ಹುಲ್ಲಿನ ಹೊಗೆಯಲ್ಲೂ ಬೆಂಜೊಪೈರೀನ್ ಇಲ್ಲದಿಲ್ಲ. ಆದರೆ ಅದು ಒಂದು ಗಳಿಗೆಯ ಮಾತು. ಇಲ್ಲಿಯೂ ಮೊದಲು ಹಳೇ ಚಾಪೆ, ಮೊರ, ಪೊರಕೆ, ತಾಳೆಗರಿ ಸುಡುತ್ತಿದ್ದರಂತೆ. ಊರು ಬೆಳೆದು ಹಳತು ಅಂದರೆ ಪ್ಲಾಸ್ಟಿಕ್ ಕುರ್ಚಿ, ರೆಕ್ಸಿನ್ ಸೋಫಾ, ಸೈಕಲ್ ಟೈರು, ಆಟೋ ಟೈರು ಆಯಿತು.

ಟೈರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಬ್ಬರು ಬಾಗಲಿ ಎಂದು ಅದರಲ್ಲಿ ಎಣ್ಣೆ ಬೆರೆಸುತ್ತಾರೆ; ಹಿಂದೆಲ್ಲ ಆ ಎಣ್ಣೆಯೇ ಇಂಥ ಉಂಗುರದ ಅಣುಗಳಿಂದ ತುಂಬಿರುತ್ತಿತ್ತು. ಯುರೋಪಿನವರು 2010ರ ಜನವರಿಯಿಂದ ಟೈರಿನ ಎಣ್ಣೆಯಲ್ಲಿ ಬೆಂಜೊಪೈರೀನಿಗೆ ಕಟ್ಟುನಿಟ್ಟಿನ ಮಿತಿ ಹಾಕಿದರು, ರಸ್ತೆಗೆ ಉಜ್ಜಿ ಸವೆದ ಪುಡಿಗೇ ಹೆದರಿ. ಸವೆದ ಪುಡಿಗೇ ಅಷ್ಟು ಎಚ್ಚರವಾದರೆ ಸುಟ್ಟಾಗ? ಟೈರು ಭಗ್ಗನೆ ಉರಿದು ಮುಗಿಯುವುದಿಲ್ಲ. ಒಳಗೆ ಗಾಳಿ ಹೋಗದೆ ಗಂಟೆಗಟ್ಟಲೆ ಕಪ್ಪು ಹೊಗೆ ಉಗುಳುತ್ತದೆ. ಬೆಂಜೊಪೈರೀನ್ ಹುಟ್ಟಲು ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕಿಲ್ಲ. ಜನವರಿಯ ನಸುಕಿನಲ್ಲಿ ಗಾಳಿಯೂ ನಿಂತಿರುತ್ತದೆ. ನಮ್ಮ ಊರನ್ನು ಕಾಪಾಡುವ ಸಮುದ್ರದ ಗಾಳಿ ಬರುವುದು ಹೊತ್ತೇರಿದ ಮೇಲೆ. ನಸುಕಿನಲ್ಲಿ ತಣ್ಣನೆ ನೆಲದ ಮೇಲೆ ಬೆಚ್ಚನೆ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿರುತ್ತದೆ, ಹೊಗೆ ಮೇಲೇಳದೆ ಬೀದಿಯಲ್ಲೇ ಹರಡುತ್ತದೆ. 2018ರ ಜನವರಿ 13, ಭೋಗಿಯ ದಿನ, ನನಗೆ ಚೆನ್ನಾಗಿ ನೆನಪಿದೆ. ಪಶ್ಚಿಮ ಮಾಂಬಲದ ನಮ್ಮ ಕಿಟಕಿಯಿಂದ ಎದುರಿನ ಮನೆ ಕಾಣುತ್ತಿರಲಿಲ್ಲ. ಮೀನಂಬಾಕ್ಕಂ ನಿಲ್ದಾಣದಲ್ಲಿ ವಿಮಾನಗಳು ಹಾರಲಾಗದೆ ನಿಂತವು, ಬರಬೇಕಾದ ಕೆಲವನ್ನು ಬೇರೆ ಊರಿಗೆ ತಿರುಗಿಸಿದರು. ವಿಮಾನ ತಡವಾದದ್ದು ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು. ಆ ಬೆಂಕಿಯ ಸುತ್ತ ನಿಂತು ಮೇಳ ಬಡಿದ ಮಕ್ಕಳ ಉಸಿರಿನ ಸುದ್ದಿಯೂ ಅಷ್ಟೇ ದೊಡ್ಡದಾಗಿ ಬರಬೇಕಿತ್ತು ಎಂದು ನನಗೆ ಇಂದಿಗೂ ಸಂಕಟ.

ಈಗ ಮಾಲಿನ್ಯ ನಿಯಂತ್ರಣ ಮಂಡಳಿಯವರು ಪ್ರತಿ ವರ್ಷ ಬೇಡಿಕೊಳ್ಳುತ್ತಾರೆ. ಈಚಿನ ವರ್ಷಗಳಲ್ಲಿ ಪಾಲಿಕೆಯವರು ಭೋಗಿಗೆ ಮುಂಚಿನ ದಿನಗಳಲ್ಲಿ ಹಳೇ ಟೈರು, ಬಟ್ಟೆ, ಚಾಪೆ, ಹಾಸಿಗೆ ಎಲ್ಲ ಬೇರೆಯಾಗಿ ಸಂಗ್ರಹಿಸುತ್ತಾರೆ. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಫೋಮ್ ಹಾಸಿಗೆ ಇದೆ ಅಂದೆಯಲ್ಲ, ಅದನ್ನು ಆ ವಾರದಲ್ಲೇ ಅವರಿಗೆ ಕೊಡು, ಕೆಳಗೆ ಇಟ್ಟು ಮರೆಯಬೇಡ, ಇಟ್ಟರೆ ಯಾರೋ ಹುಡುಗರು ಎತ್ತಿಕೊಂಡು ಹೋಗುತ್ತಾರೆ. ಭೋಗಿಯ ದಿನ ಸೂರ್ಯ ಚೆನ್ನಾಗಿ ಮೇಲೆ ಬಂದು ಗಾಳಿ ಆಡುವವರೆಗೆ ಕಿಟಕಿ ತೆಗೆಯಬೇಡ. ಹೊರಗೆ ಹೋಗಲೇಬೇಕಾದರೆ ಎನ್95 ಮುಸುಕು ಹಾಕು. ಬೆಂಜೊಪೈರೀನ್ ಹೆಚ್ಚಾಗಿ ಸಣ್ಣ ಕಣಗಳಿಗೆ ಅಂಟಿಕೊಂಡೇ ಓಡಾಡುತ್ತದೆ, ಆ ಕಣವನ್ನು ಹಿಡಿದರೆ ಇದನ್ನೂ ಹಿಡಿದ ಹಾಗೆ. ಸೀರೆಯ ಸೆರಗು, ಕರವಸ್ತ್ರ ಅದನ್ನು ಹಿಡಿಯಲಾರವು.

ಪೆರುಂಗುಡಿ ಎಂದ ಕೂಡಲೇ ನನಗೆ ಬರುವ ಇನ್ನೊಂದು ಯೋಚನೆ ಅಲ್ಲಿಯ ಕಸದ ಗುಡ್ಡ. ನಿಮ್ಮ ಮನೆಯಿಂದ ಎಷ್ಟು ದೂರ ಅಂತ ನೀನು ಹೇಳಲಿಲ್ಲ. ಪಳ್ಳಿಕ್ಕರಣೆ ಜೌಗು ಎಂಥ ಜಾಗ! ಚಳಿಗಾಲದಲ್ಲಿ ರಾಜಹಂಸಗಳು ಇಳಿಯುತ್ತವೆ, 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೂ ಸೇರಿತು. ಅದರ ಅಂಚಿನಲ್ಲೇ ಊರಿನ ಅರ್ಧ ಭಾಗದ ಕಸ ದಶಕಗಟ್ಟಲೆ ಬಿದ್ದಿದೆ. ಅದೇ 2022ರ ಏಪ್ರಿಲ್ 27ರಂದು ಅಲ್ಲಿ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು. ಕಸದ ಒಳಗೆ ಕೊಳೆತು ಮೀಥೇನ್ ಹುಟ್ಟುತ್ತದೆ. ಬಿಸಿಲಿಗೆ, ಕಿಡಿಗೆ ಹತ್ತಿಕೊಂಡರೆ ಮೇಲೆ ನೀರು ಸುರಿದರೂ ಒಳಗೆ ಕನಲುತ್ತಲೇ ಇರುತ್ತದೆ. ಉತ್ತರದಲ್ಲಿ ಇನ್ನೊಂದು ಕಸದ ಗುಡ್ಡವಿರುವ ಕೊಡುಂಗೈಯೂರಿನವರ ಪಾಡೂ ಅದೇ. ಈಗ ಹಳೇ ಕಸವನ್ನು ಜರಡಿ ಹಿಡಿದು ಬೇರ್ಪಡಿಸಿ ಜಾಗ ತೆರವು ಮಾಡುವ ಕೆಲಸ ನಡೆಯುತ್ತಿದೆ, ಒಳ್ಳೆಯದು. ನಿನ್ನ ಕೈಯಲ್ಲಿರುವುದು ಇಷ್ಟು: ಹಸಿಕಸ ಒಣಕಸ ಬೇರೆ ಮಾಡಿ ಕೊಡು. ಹಸಿಕಸ ಅಲ್ಲಿಗೆ ಹೋಗದಿದ್ದರೆ ಒಳಗೆ ಕೊಳೆತು ಅನಿಲವಾಗುವುದೂ ಅಷ್ಟು ಕಡಿಮೆ.

ಆದರೆ ನೀನು ಹೇಳಿದ ಬೆಳಗಿನ ವಾಸನೆ ಗುಡ್ಡದ್ದಲ್ಲ ಅಂತ ನನ್ನ ಊಹೆ. ದಿನವೂ ಒಂದೇ ಹೊತ್ತಿಗೆ ಬರುತ್ತದೆ ಅಂದೆ. ಕೆಳಗೆ ಇಣುಕಿ ನೋಡು. ನಿಮ್ಮ ಕಾವಲುಗಾರನೋ ಪಕ್ಕದ ಖಾಲಿ ನಿವೇಶನದವನೋ ಗುಡಿಸಿದ ಎಲೆಯನ್ನು ಮೂಲೆಯಲ್ಲಿ ಕೂಡಿಸಿ ಬೆಂಕಿ ಕೊಡುತ್ತಿರಬೇಕು. ರಾತ್ರಿಯ ಇಬ್ಬನಿಗೆ ನೆಂದ ಎಲೆ, ಜೊತೆಗೆ ಹಾಲಿನ ಪ್ಯಾಕೆಟ್ಟು, ಉರಿಯುವುದಿಲ್ಲ, ಹೊಗೆಯಾಡುತ್ತದೆ. ಅರೆಬರೆ ಉರಿ ಅಂದೆನಲ್ಲ, ಅದೇ. ಅವನ ಮೇಲೆ ರೇಗಬೇಡ. ಅವನಿಗೆ ಹೇಳಿದವರು ಯಾರೂ ಇಲ್ಲ, ಮತ್ತು ಆ ಹೊಗೆ ನಿನಗಿಂತ ಮೊದಲು ಅವನ ಎದೆಗೇ ಇಳಿಯುತ್ತದೆ. ಒಂದು ಮೂಲೆಯಲ್ಲಿ ಎಲೆಗೊಬ್ಬರದ ಗುಂಡಿಯೋ ತೊಟ್ಟಿಯೋ ಮಾಡಿಸಿಕೊಡಿ. ಬೆಂಕಿ ಕೊಡುವುದು ಅವನಿಗೂ ತಪ್ಪುತ್ತದೆ.

ಹೊಗೆಯ ಎದುರು ನಿಂತವರ ಮಾತು ಬಂದಾಗ ನಿಮ್ಮ ಮಾವನ ಚಿಕ್ಕಪ್ಪನನ್ನು ನೆನೆಯದೆ ಇರಲಾರೆ. ಕುಂದಾಪುರದ ಕಡೆಯಿಂದ ಹದಿನಾಲ್ಕು ವರ್ಷಕ್ಕೆ ಮದರಾಸಿಗೆ ಬಂದವರು. ಆಗ ಉಡುಪಿಯ ಕಡೆಯ ಹುಡುಗರಿಗೆ ಈ ಊರಿನ ಹೋಟೆಲುಗಳೇ ದಾರಿ. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು ನಮ್ಮವರೆಲ್ಲರಿಗೂ ಹೆಮ್ಮೆಯ ಕತೆ. ಚಿಕ್ಕಪ್ಪ ದುಡಿದದ್ದು ಅಂಥ ದೊಡ್ಡ ಹೆಸರಿನ ಜಾಗದಲ್ಲಿ ಅಲ್ಲ, ಒಂದು ಸಣ್ಣ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಸೌದೆ ಒಲೆ, ಚಿಮಣಿ ಇಲ್ಲ, ಒಂದೇ ಕಿಟಕಿ. ದೋಸೆಕಲ್ಲಿನ ಮುಂದೆ ಮೂವತ್ತು ವರ್ಷ. ಜೊತೆಗೆ ದಿನಕ್ಕೊಂದು ಕಟ್ಟು ಬೀಡಿ. ಕೆಮ್ಮಿದರೆ ಬರುವುದು ಕಪ್ಪು ಕಫ ಅಂತ ಚಿಕ್ಕಮ್ಮ ಹೇಳುತ್ತಿದ್ದರು, ‘ಅಡುಗೆಯವರಿಗೆಲ್ಲ ಹಾಗೇ’ ಅಂತ ಅವರೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದಾಗ ಮೀರಿತ್ತು. ಬೀಡಿಯಿಂದಲೋ ಒಲೆಯಿಂದಲೋ ಅಂತ ಒಬ್ಬ ಮನುಷ್ಯನ ವಿಷಯದಲ್ಲಿ ಯಾರೂ ಖಚಿತವಾಗಿ ಹೇಳಲಾರರು, ನಾನೂ ಹೇಳುವುದಿಲ್ಲ. ಎರಡೂ ಕಡೆಯಿಂದ ಬರುತ್ತಿದ್ದ ವಸ್ತುಗಳಲ್ಲಿ ಒಂದು ಮಾತ್ರ ಈ ಬೆಂಜೊಪೈರೀನೇ ಆಗಿತ್ತು.

ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿಗೆ ಅವರನ್ನು ಕರೆದುಕೊಂಡು ಹೋಗುತ್ತಿದ್ದವಳು ನಾನೇ. ಆ ಜಾಗದ ಬಗ್ಗೆ ನಿನಗೆ ತಿಳಿದಿರಲಿ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ತಮ್ಮ ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ದುಃಖವನ್ನು ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡು, ಕೊನೆಗೆ 1954ರಲ್ಲಿ ಹನ್ನೆರಡು ಹಾಸಿಗೆಯಿಂದ ಅದನ್ನು ಆರಂಭಿಸಿದರು. ಮರುವರ್ಷ ಸೇರಿದ ಡಾ. ವಿ. ಶಾಂತಾ 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಆವರಣವನ್ನೇ ಮನೆ ಮಾಡಿಕೊಂಡಿದ್ದರು. 1982ರಲ್ಲಿ ಬೆಂಗಳೂರು, ಮದರಾಸು ಎರಡೂ ಊರುಗಳಲ್ಲಿ ಕ್ಯಾನ್ಸರ್ ದಾಖಲಾತಿ ಶುರುವಾಯಿತು. ನಮ್ಮ ಊರಿನದು ಅಡ್ಯಾರಿನಲ್ಲಿ, ಬೆಂಗಳೂರಿನದು ಕಿದ್ವಾಯಿ ಆಸ್ಪತ್ರೆಯಲ್ಲಿ. ಯಾರಿಗೆ, ಯಾವ ವಯಸ್ಸಿಗೆ, ಯಾವ ಕ್ಯಾನ್ಸರ್ ಅಂತ ಒಂದೊಂದಾಗಿ ಬರೆದಿಟ್ಟವರು ಅವರು. ಆ ಸಾಲುಗಳಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು.

ಈ ಕತೆ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ, ನಿನ್ನ ಗಂಡನಿಗೆ ಇದನ್ನು ಓದಿಸು. ಮನೆಯೊಳಗೆ ಸೇದುವುದಿಲ್ಲ, ಬಾಲ್ಕನಿಯಲ್ಲಿ ಮಾತ್ರ ಅಂದೆ. ಅವನು ಒಳ್ಳೆಯ ಹುಡುಗ, ನಿನ್ನ ಬಗ್ಗೆ ಕಾಳಜಿ ಇರುವವನು, ಅದಕ್ಕೇ ನೇರವಾಗಿ ಹೇಳುತ್ತೇನೆ. ಅವನು ಎಳೆದುಕೊಳ್ಳುವ ಹೊಗೆಗಿಂತ ಸಿಗರೇಟಿನ ತುದಿಯಲ್ಲಿ ತಾನೇ ಸುಟ್ಟುಕೊಂಡು ಏಳುವ ಹೊಗೆಯಲ್ಲಿ ಬೆಂಜೊಪೈರೀನ್ ಹೆಚ್ಚು, ಏಕೆಂದರೆ ಆಗ ಉರಿ ಇನ್ನೂ ಮಂಕಾಗಿರುತ್ತದೆ. ಬಾಲ್ಕನಿಯ ಗಾಳಿ ಒಳಗೂ ಬರುತ್ತದೆ. ಅಂಗಿಯಲ್ಲಿ, ಕೂದಲಲ್ಲಿ ಕೂತು ಬರುತ್ತದೆ. ನಿನಗೂ ಮಗುವಿಗೂ ಇಡೀ ಚೆನ್ನೈಯ ಗಾಳಿಯನ್ನು ಅವನು ತೊಳೆಯಲಾರ. ಇದೊಂದನ್ನು ಮಾಡಬಲ್ಲ. ಬಿಡುವುದು ಕಷ್ಟ ಅಂತ ನನಗೆ ಗೊತ್ತು, ನಿಮ್ಮ ಮಾವನಿಗೆ ಮೂರು ಸಲ ಪ್ರಯತ್ನಿಸಿ ನಾಲ್ಕನೆಯ ಸಲ ಸಾಧ್ಯವಾಯಿತು. ಬೇಕಾದರೆ ಅವರ ಹತ್ತಿರ ಒಂದು ಸಂಜೆ ಕೂತು ಮಾತಾಡಲಿ.

ಊಟದ ಬಗ್ಗೆ ಬಹಳ ತಲೆಕೆಡಿಸಿಕೊಳ್ಳಬೇಡ. ಸಿಗರೇಟು ಸೇದದವರ ದೇಹಕ್ಕೆ ಬೆಂಜೊಪೈರೀನ್ ಹೋಗುವುದು ಹೆಚ್ಚಾಗಿ ಊಟದಿಂದಲೇ ಎನ್ನುವುದು ನಿಜ. ಆದರೆ ಹತೋಟಿ ಸುಲಭ. ಕೆಂಡದ ಮೇಲೆ ಮಾಂಸ ಸುಡುವಾಗ ಕೊಬ್ಬು ತೊಟ್ಟಿಕ್ಕಿ, ಸುಟ್ಟು, ಆ ಹೊಗೆ ಮೇಲೆದ್ದು ಮತ್ತೆ ಮಾಂಸಕ್ಕೇ ಅಂಟುತ್ತದೆ, ಅದು ಅಪರೂಪಕ್ಕಿರಲಿ. ಕರಿದ ಎಣ್ಣೆಯಿಂದ ಹೊಗೆ ಏಳುವವರೆಗೆ ಕಾಯಿಸಬೇಡ, ಒಲೆಯ ಮೇಲಿನ ಫ್ಯಾನು ಹಾಕು. ಸೀದದ್ದನ್ನು ಕೆರೆದು ಬಿಸಾಡು. ಮರೀನಾದಲ್ಲಿ ಸುಟ್ಟ ಜೋಳ ತಿನ್ನಬೇಕು ಅನ್ನಿಸಿದರೆ ತಿನ್ನು, ಕರಿಕಾದ ಕಾಳನ್ನು ಬಿಟ್ಟು. ಅಲ್ಲಿ ನನಗೆ ಚಿಂತೆಯಾಗುವುದು ದಿನವಿಡೀ ಕೆಂಡಕ್ಕೆ ಗಾಳಿ ಬೀಸುತ್ತಾ ಕೂತಿರುವ ಆ ಹೆಂಗಸಿನದು. ಇನ್ನು ರಸ್ತೆಗೆ ಹಾಕುವ ಡಾಂಬರಿನ ಬಗ್ಗೆ ನೀನು ಕೇಳಿದೆಯಲ್ಲ: ಈಗ ರಸ್ತೆಗೆ ಬಳಸುವುದು ಕಚ್ಚಾತೈಲದಿಂದ ಬರುವ ಬಿಟುಮೆನ್, ಹಳೇ ಕಲ್ಲಿದ್ದಲ ಟಾರು ಅಲ್ಲ; ಇದರಲ್ಲಿ ಬೆಂಜೊಪೈರೀನ್ ತುಂಬ ಕಡಿಮೆ. ನಿಮ್ಮ ಬೀದಿಗೆ ಹಾಕುವ ದಿನ ಕಿಟಕಿ ಮುಚ್ಚಿಕೊಂಡರೆ ಸಾಕು.

ಮಗುವಿನ ವಿಷಯ ಬಿಟ್ಟು ಈ ಕಾಗದ ಮುಗಿಸಲಾರೆ. ನ್ಯೂಯಾರ್ಕಿನಲ್ಲಿ ಫ್ರೆಡೆರಿಕಾ ಪೆರೇರಾ ಎಂಬ ವಿಜ್ಞಾನಿ ಒಂದು ಕೆಲಸ ಮಾಡಿದರು. ಬಸುರಿಯರ ಬೆನ್ನಿಗೆ ಪುಟ್ಟ ಚೀಲ ಕೊಟ್ಟು, ಕೊನೆಯ ತಿಂಗಳುಗಳಲ್ಲಿ ಎರಡು ದಿನ ಅವರು ಉಸಿರಾಡುವ ಗಾಳಿಯನ್ನೇ ಆ ಚೀಲದ ಯಂತ್ರ ಎಳೆದುಕೊಳ್ಳುವಂತೆ ಮಾಡಿದರು. ಈ ಉಂಗುರದ ಅಣುಗಳು ಹೆಚ್ಚಾಗಿ ಸಿಕ್ಕ ಆಫ್ರಿಕನ್ ಅಮೆರಿಕನ್ ತಾಯಂದಿರ ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಕಡಿಮೆ ತೂಕದವು, ತಲೆಯ ಸುತ್ತಳತೆಯೂ ಸ್ವಲ್ಪ ಕಡಿಮೆ. ಕಲ್ಲಿದ್ದಲು ಸುಡುವ ಪೋಲೆಂಡಿನ ಕ್ರಾಕೋವಿನಲ್ಲೂ ಇಂಥದ್ದೇ ಅಧ್ಯಯನ ಮಾಡಿದರು. ಸರಾಸರಿ ಅನ್ನುವ ಪದವನ್ನು ಗಟ್ಟಿಯಾಗಿ ಓದಿಕೊ. ನಿನ್ನ ಮಗುವಿಗೆ ಹೀಗಾಗುತ್ತದೆ ಅಂತ ಅದರ ಅರ್ಥವಲ್ಲ. ಮಾಸು ಈ ಅಣುಗಳನ್ನು ಪೂರ್ತಿ ತಡೆಯುವುದಿಲ್ಲ, ಹಾಗಾಗಿ ಈ ನಾಲ್ಕು ತಿಂಗಳು ಹೊಗೆಯಿಂದ ನಾಲ್ಕು ಹೆಜ್ಜೆ ದೂರ ನಿಲ್ಲು ಅಂತಷ್ಟೇ ಅರ್ಥ.

ಏಪ್ರಿಲಿನಲ್ಲಿ ಬಾಣಂತನಕ್ಕೆ ನಿಮ್ಮಮ್ಮ ಬರುತ್ತಾಳೆ. ನಿನ್ನ ಪಕ್ಕದ ಮನೆಯ ತಮಿಳು ಅಜ್ಜಿಯೂ ನಿಮ್ಮಮ್ಮನೂ ಒಂದು ವಿಷಯದಲ್ಲಿ ಕೂಡಲೇ ಒಂದಾಗುತ್ತಾರೆ: ಮಗುವಿಗೆ ಎರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಬುಟ್ಟಿ ಮುಚ್ಚಿ, ಆ ಹೊಗೆಯಲ್ಲಿ ಮಗುವಿನ ತಲೆ ಒಣಗಿಸುವುದು. ನಿನ್ನನ್ನೂ ನಿಮ್ಮಪ್ಪನನ್ನೂ ಹಾಗೇ ಒಣಗಿಸಿದ್ದಾರೆ. ಆ ಪರಿಮಳ ನನಗೂ ತವರು ಮನೆಯ ಪರಿಮಳವೇ. ಆದರೆ ಅದು ಇದ್ದಲ ಮೇಲೆ ಕನಲುವ ಅಂಟು, ಅದರ ಹೊಗೆಯಲ್ಲೂ ಇದೇ ಬೆಂಜೊಪೈರೀನ್ ಇದೆ, ಮತ್ತು ಅಷ್ಟು ಹತ್ತಿರದಿಂದ ಅದನ್ನು ಎಳೆದುಕೊಳ್ಳುವುದು ಹುಟ್ಟಿ ವಾರವಾದ ಎದೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಆ ನಾಲ್ಕು ಕೂದಲು ಈ ಊರಿನ ಏಪ್ರಿಲಿನಲ್ಲಿ ಐದು ನಿಮಿಷಕ್ಕೆ ಒಣಗುತ್ತದೆ. ನಿಮ್ಮಮ್ಮನ ಹತ್ತಿರ ನೀನು ಇದನ್ನು ಹೇಳಲು ಹೋಗಬೇಡ, ಬಾಣಂತಿ ಮಾತು ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ. ನನ್ನ ಹಳೇ ಮಲ್ಲಿನ ಸೀರೆಗಳೆರಡನ್ನು ಒಗೆದು, ಬಿಸಿಲಿಗೆ ಹಾಕಿ, ಹರಿದು ಮಡಚಿ ಇಟ್ಟಿದ್ದೇನೆ. ಪೊಂಗಲಿಗೆ ಬಂದಾಗ ತೆಗೆದುಕೊಂಡು ಹೋಗು.

ನಿನ್ನ ಅತ್ತೆ